ಹೇಳಿದ್ದನ್ನು ಹೇಳುವುದು

ಇಂಗ್ಲಿಷ್ ತರಗತಿಯಲ್ಲಿ 'ರಿಪೋರ್ಟೆಡ್ ಸ್ಪೀಚ್' ಪಾಠ ಬಂತೆಂದರೆ ಮಕ್ಕಳು ಹಾಳೆಯ ನಡುವೆ ಗೆರೆ ಎಳೆದುಕೊಳ್ಳುತ್ತಾರೆ. ಎಡಕ್ಕೆ 'ಟುಡೇ', ಬಲಕ್ಕೆ 'ದಟ್ ಡೇ'. ಎಡಕ್ಕೆ 'ವಿಲ್', ಬಲಕ್ಕೆ 'ವುಡ್'. ಕಿರಾಣಿ ಅಂಗಡಿಯ ದರಪಟ್ಟಿಯ ಹಾಗೆ ಎಲ್ಲಕ್ಕೂ ಒಂದು ಬದಲಿ. ವಾಕ್ಯ ಕೊಟ್ಟರೆ ಪಟ್ಟಿ ನೆನೆದು ಪದ ಬದಲಿಸುತ್ತಾರೆ, ಅಂಕವೂ ಬರುತ್ತದೆ. ಆದರೆ ಆ ಮಾತನ್ನು ಈಗ ಯಾರು, ಯಾರಿಗೆ, ಯಾವಾಗ ಹೇಳುತ್ತಿದ್ದಾರೆ ಎಂಬುದು ಪಟ್ಟಿಯಲ್ಲಿ ಎಲ್ಲೂ ಇರುವುದಿಲ್ಲ.

ಬೆಳಿಗ್ಗೆ ಗೆಳೆಯನೊಬ್ಬ 'ಐ ವಿಲ್ ಕಮ್ ಟುಮಾರೊ' ಎಂದ ಎನ್ನಿ. ಅದೇ ಸಂಜೆ ಮನೆಯವರಿಗೆ ತಿಳಿಸುವಾಗ 'ಟುಮಾರೊ' ಹಾಗೆಯೇ ಉಳಿಯುತ್ತದೆ, ನಾಳೆ ಇನ್ನೂ ಬಂದಿಲ್ಲವಲ್ಲ. ಮಾರನೆಯ ದಿನ ಹೇಳಿದರೆ ಅದು 'ಟುಡೇ'. ತಿಂಗಳು ಕಳೆದು ನೆನಪಿಸಿಕೊಂಡರೆ 'ದ ನೆಕ್ಸ್ಟ್ ಡೇ'. ಅವನು ಬರಬೇಕಾದ ಮನೆಯಲ್ಲೇ ಕೂತು ಹೇಳಿದರೆ 'ಕಮ್', ಬೇರೆ ಊರಿನಿಂದ ಹೇಳಿದರೆ 'ಗೋ' ಆದರೂ ಆದೀತು. ಬದಲಾಗುತ್ತಿರುವುದು ವಾಕ್ಯಕ್ಕಿಂತ ಹೆಚ್ಚಾಗಿ ನಾನು ನಿಂತ ಜಾಗ.

ಕನ್ನಡದ ಮಗುವಿಗೆ ಇದು ಕಷ್ಟವಾಗುವುದರಲ್ಲಿ ಆಶ್ಚರ್ಯವಿಲ್ಲ. ನಾವು 'ನಾಳೆ ಬರ್ತೀನಿ ಅಂತ ಅಂದ' ಎಂದುಬಿಡುತ್ತೇವೆ. ಆಡಿದವನ ಕಾಲ, ಆಡಿದವನ ಧಾಟಿ, ಎಲ್ಲವೂ ಇದ್ದಂತೆಯೇ ಬಂದು ಕೂರುತ್ತವೆ. ಆ ಅಭ್ಯಾಸದಲ್ಲೇ ಮಗು 'ಹಿ ಆಸ್ಕ್ಡ್ ಮಿ ದಟ್ ವೇರ್ ಆರ್ ಯು ಗೋಯಿಂಗ್' ಎಂದು ಬರೆಯುತ್ತದೆ. ಕೆಂಪು ಶಾಯಿಯ ಅಡಿಗೆರೆ ಬೀಳುತ್ತದೆ, ಕಾರಣ ಮಾತ್ರ ಯಾರೂ ಹೇಳುವುದಿಲ್ಲ. ಕನ್ನಡ ಆಡಿದವನನ್ನೇ ಕರೆತಂದು ಎದುರಿಗೆ ನಿಲ್ಲಿಸುತ್ತದೆ. ಇಂಗ್ಲಿಷಿನಲ್ಲಿ ಸುದ್ದಿ ತಂದವನೇ ತನ್ನ ಬಾಯಿಂದ ಪೂರ್ತಿ ಹೇಳಬೇಕು. ಹಾಗಾಗಿ 'ಆರ್ ಯು' ಎಂಬ ಪ್ರಶ್ನೆಯ ಕ್ರಮ ಕರಗಿ 'ಐ ವಾಸ್' ಆಗುತ್ತದೆ. ಪ್ರಶ್ನೆ ಕೇಳಿದ್ದು ಬೇರೆಯವರು, ನಾನಲ್ಲ.

ಕಾಲ ಹಿಂದೆ ಸರಿಯುವುದೂ ಇದೇ ಲೆಕ್ಕದ್ದು. ಸಹೋದ್ಯೋಗಿಯ ರಜೆಯ ಬಗ್ಗೆ 'ಶಿ ಸೆಡ್ ಶಿ ವಾಸ್ ಇಲ್' ಎಂದರೆ ಕೇಳಿದ್ದನ್ನು ಮುಟ್ಟಿಸಿದೆ, ಅಷ್ಟೆ. 'ಶಿ ಈಸ್ ಇಲ್' ಎಂದರೆ ಆಕೆಗೆ ಇನ್ನೂ ಹುಷಾರಿಲ್ಲ ಎಂಬುದನ್ನು ನಾನೂ ಒಪ್ಪಿಕೊಂಡಂತೆ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬಂಥ ಮಾತಿಗೆ ವರ್ತಮಾನ ಕಾಲವನ್ನೇ ಉಳಿಸಬಹುದೆಂದು ವ್ಯಾಕರಣ ಪುಸ್ತಕಗಳು ಒಂದು ವಿನಾಯಿತಿ ಕೊಡುತ್ತವೆ. ನನಗಂತೂ ಅದು ವಿನಾಯಿತಿಯಂತೆ ಕಾಣುವುದಿಲ್ಲ. ಇಲ್ಲಿ ಹೇಳುವವನು ಧೈರ್ಯವಾಗಿ ಜಾಮೀನು ನಿಲ್ಲುತ್ತಿದ್ದಾನೆ.

ಇನ್ನೂ ಹೆಚ್ಚಿನ ಹೊಣೆ ಬೀಳುವುದು ಕ್ರಿಯಾಪದದ ಮೇಲೆ. 'ಕೂತ್ಕೊ', 'ಕೂತ್ಕೊಳ್ಳಿ', 'ಕೂತ್ಕೊಳ್ಳಪ್ಪ', ಇವುಗಳ ನಡುವಿನ ಅಂತರ ನಮಗೆ ಕಿವಿಗೇ ಗೊತ್ತಾಗುತ್ತದೆ. ಇಂಗ್ಲಿಷಿಗೆ ಒಯ್ಯುವಾಗ ಮೂರೂ 'ಟು ಸಿಟ್' ಆಗಿಬಿಡುತ್ತವೆ. ಕಳೆದುಹೋದ ಮರ್ಯಾದೆ, ಗದರಿಕೆ, ಅಕ್ಕರೆ ವಾಪಸು ಬರಬೇಕಾದರೆ 'ಆರ್ಡರ್ಡ್' ಅನ್ನಬೇಕೋ 'ರಿಕ್ವೆಸ್ಟೆಡ್' ಅನ್ನಬೇಕೋ ಎಂದು ನಾನೇ ತೀರ್ಮಾನಿಸಬೇಕು. ತೀರ್ಮಾನ ತಪ್ಪಿದರೆ ಒಬ್ಬರ ಸ್ವಭಾವವನ್ನೇ ತಿರುಚಿದಂತೆ. ಈ ಅಧಿಕಾರ ನಮ್ಮ ವರದಿಗಾರರಿಗೂ ಚೆನ್ನಾಗಿ ಗೊತ್ತು. ಒಂದೇ ಹೇಳಿಕೆಯನ್ನು ಒಂದು ಪತ್ರಿಕೆ 'ಸ್ಪಷ್ಟಪಡಿಸಿದರು' ಎಂದು ಮುಗಿಸಿದರೆ ಇನ್ನೊಂದು 'ಸಮರ್ಥಿಸಿಕೊಂಡರು' ಎನ್ನುತ್ತದೆ. ಓದುಗನ ಅಭಿಪ್ರಾಯ ಅರ್ಧ ಅಲ್ಲೇ ತಯಾರಾಗಿರುತ್ತದೆ.

ಆದ್ದರಿಂದ ಈಗೀಗ ಪಟ್ಟಿ ಬರೆಸುವ ಮೊದಲು ಮಕ್ಕಳನ್ನು ಕೇಳುತ್ತೇನೆ: ಇದನ್ನು ಯಾರಿಗೆ ಹೇಳ್ತಿದ್ದೀಯ, ಯಾವತ್ತು, ಎಲ್ಲಿ ನಿಂತು? ಒಬ್ಬಳು ಅಜ್ಜಿಗೆ ಫೋನಿನಲ್ಲಿ ಅನ್ನುತ್ತಾಳೆ, ಇನ್ನೊಬ್ಬ ಹೋದ ವರ್ಷದ ಜಾತ್ರೆಯ ಕಥೆ ಹೇಳ್ತಿದ್ದೀನಿ ಅನ್ನುತ್ತಾನೆ. ಒಂದೇ ವಾಕ್ಯಕ್ಕೆ ಮೂರು ಉತ್ತರ ಬರುತ್ತವೆ, ಮೂರೂ ಸರಿ. ಆಮೇಲೆ ಪರೀಕ್ಷೆಗೆ ಯಾವುದನ್ನು ಬರೆಯಬೇಕು ಎಂದು ಕೇಳುತ್ತಾರೆ. ಅದನ್ನೂ ಹೇಳಿಕೊಡುತ್ತೇನೆ.