ಹಿಂಡಿದ ಕೈ ಯಾರದು?

ನಿಂಬೆಹಣ್ಣು ಹಿಂಡುವುದನ್ನೂ ಒಬ್ಬರು ಹೇಳಿಕೊಡಬೇಕೆ ಎಂದು ನೀವು ನಗಬಹುದು. ನಾನೂ ನಕ್ಕವಳೇ. ಮೂವತ್ತು ವರ್ಷ ಸಂಸಾರ ಮಾಡಿ, ಪ್ರತಿ ರಾಮನವಮಿಗೂ ಬೋಗುಣಿಗಟ್ಟಲೆ ಕೋಸಂಬರಿ ಕಲಸಿದವಳು ನಾನು. ಹೆಚ್ಚಿದ ಸೌತೆಕಾಯಿ, ನೆನೆದ ಹೆಸರುಬೇಳೆ, ಮೇಲೊಂದು ಒಗ್ಗರಣೆ, ಕೊನೆಗೆ ನಿಂಬೆಹಣ್ಣು. ಅದರಲ್ಲಿ ಕಲಿಯುವುದೇನಿದೆ?

ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ವಿಜಯಪುರ ಜಿಲ್ಲೆಯ ಇಂಡಿಯ ಕಡೆಯವಳು. ಗಂಡ ಗಾರೆ ಕೆಲಸಕ್ಕೆಂದು ನಮ್ಮ ಹಾಸನದ ಸೀಮೆಗೆ ಬಂದಾಗ ಜೊತೆಯಲ್ಲಿ ಬಂದಳು. ಇಂಡಿ ಎಂದರೆ ನಿಂಬೆಯ ನಾಡು. ಅಲ್ಲಿಯ ನಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಒಂದು ದಿನ ನಾನು ಹೋಳನ್ನು ಸಿಪ್ಪೆ ಮಗುಚುವ ಹಾಗೆ ಹಿಂಡುತ್ತಿದ್ದೆ. ಪಾತ್ರೆ ಉಜ್ಜುತ್ತಿದ್ದವಳು ತಿರುಗಿ ನೋಡಿ, "ಗಟ್ಟಿ ಹಿಂಡಬ್ಯಾಡ್ರಿ ಅಕ್ಕಾರ, ಕಹಿ ಆಕ್ಕೈತಿ" ಎಂದಳು. ಕೈ ತೊಳೆದುಕೊಂಡು ಬಂದು ತಾನೇ ಮಾಡಿ ತೋರಿಸಿದಳು.

ಮೊದಲು ಹಣ್ಣನ್ನು ಕಟ್ಟೆಯ ಮೇಲಿಟ್ಟು ಅಂಗೈಯಲ್ಲಿ ಒತ್ತಿ ಉರುಳಿಸಬೇಕು. ಅಡ್ಡಕ್ಕೆ ಕೊಯ್ದು ಹಗುರವಾಗಿ ಹಿಂಡಬೇಕು. ಉಪ್ಪನ್ನು ರಸಕ್ಕೆ ಹಾಕಿ ಪೂರ್ತಿ ಕರಗಿಸಬೇಕು. ಎಣ್ಣೆ ಬೆರೆಸಿದ ಮೇಲೆ ಹಾಕಿದರೆ ಉಪ್ಪು ಸರಿಯಾಗಿ ಕರಗದೆ ಹರಳಾಗಿ ಹಲ್ಲಿಗೆ ಸಿಗುತ್ತದೆ. ಚೂರು ಬೆಲ್ಲ, ಒಂದು ಚಿಟಿಕೆ ಗುರೆಳ್ಳು ಪುಡಿ (ನಾವು ಹುಚ್ಚೆಳ್ಳು ಅನ್ನುತ್ತೇವಲ್ಲ, ಅದೇ). ಆಮೇಲೆ ಹಸಿ ಕುಸುಬೆ ಎಣ್ಣೆ, ಎರಡು ಚಮಚ ರಸಕ್ಕೆ ಮೂರು ಚಮಚ, ತೊಟ್ಟು ತೊಟ್ಟಾಗಿ ಬಿಡುತ್ತ ಇನ್ನೊಂದು ಕೈಯಲ್ಲಿ ಕಡೆಯುತ್ತಿರಬೇಕು. ನೀರು ಎಣ್ಣೆ ಸೇರುವುದಿಲ್ಲ ಎಂದು ಮಕ್ಕಳಿಗೆ ಹೇಳಿಕೊಡುತ್ತೇವೆ. ಅವಳ ಕೈಯಲ್ಲಿ ಅವೆರಡೂ ಸೇರಿ ಮೋಡದ ಹಾಗೆ ಬೆಳ್ಳಗಾದವು. ಐದು ನಿಮಿಷ ಬಿಟ್ಟರೆ ಮತ್ತೆ ಬೇರೆಯಾಗುತ್ತವೆ. ಆದ್ದರಿಂದ ಊಟಕ್ಕೆ ಕೂತ ಮೇಲೆಯೇ ಕಲಸಿ ತರಕಾರಿಯ ಮೇಲೆ ಸುರಿಯಬೇಕು. ಮುಂಚೆ ಸುರಿದರೆ ಉಪ್ಪಿಗೆ ಸೌತೆಕಾಯಿ ನೀರು ಬಿಟ್ಟುಕೊಂಡು ಎಲ್ಲವೂ ಸಪ್ಪೆ. ನನ್ನ ಮಗಳು ಇದನ್ನು ಸಲಾಡ್ ಡ್ರೆಸಿಂಗ್ ಎನ್ನುತ್ತಾಳೆ, ಅಂಗಡಿಯಿಂದ ಸೀಸೆಯಲ್ಲಿ ತರುತ್ತಾಳೆ.

ಕಳೆದ ವರ್ಷ ನಮ್ಮ ಶಾಲೆಯ ಇಬ್ಬರು ಶಿಕ್ಷಕಿಯರು ನಿವೃತ್ತರಾದಾಗ ಎಲ್ಲರನ್ನೂ ಊಟಕ್ಕೆ ಕರೆದಿದ್ದೆ. ಎಳೆ ಮೆಂತ್ಯದ ಸೊಪ್ಪು, ಮೂಲಂಗಿ, ಈರುಳ್ಳಿ, ಸೌತೆಕಾಯಿಯ ಮೇಲೆ ಈ ರಸ. ಹೋಳಿಗೆಯನ್ನು ಕೇಳುವವರಿರಲಿಲ್ಲ, ಇದನ್ನೇ ಮತ್ತೆ ಮತ್ತೆ ಬಡಿಸಿಕೊಂಡರು. "ಏನ್ರೀ ಇದು, ಎಲ್ಲಿ ಕಲಿತಿರಿ?" ಎಂದು ಒಬ್ಬರು ಕೇಳಿದರು. ನಾನು, "ಅಯ್ಯೋ, ಏನಿಲ್ಲ ಬಿಡಿ, ಸುಮ್ಮನೆ ಮಾಡಿದೆ" ಎಂದೆ.

ಅವಳು ಆಗ ಹಿತ್ತಲಲ್ಲಿ ಎಲೆ ಎತ್ತಿ ಹಾಕುತ್ತಿದ್ದಳು.

ನಾನು ಸುಳ್ಳು ಹೇಳಿದೆನೆ? ಮಾಡಿದ್ದು ನಾನೇ, ಅದು ನಿಜ. ವಿನಯದಿಂದ ಹೇಳಿದೆ, ಅದೂ ನಿಜ. ನಮ್ಮ ಹೆಂಗಸರ ವಿನಯದೊಳಗೆ ಎಷ್ಟು ಜಂಬ ಅಡಗಿ ಕೂತಿರುತ್ತದೆಂದು ನಿಮಗೂ ಗೊತ್ತು. ಎರಡು ದಿನ ನನಗೇನೂ ಅನ್ನಿಸಲಿಲ್ಲ. ಮೂರನೆಯ ದಿನ ಕಿರುಪರೀಕ್ಷೆ. ಎಂಟನೆಯ ತರಗತಿಯ ಹುಡುಗನೊಬ್ಬ ಪಕ್ಕದವನದನ್ನು ಅಕ್ಷರ ಬಿಡದೆ ನಕಲು ಮಾಡಿ ಸಿಕ್ಕಿಬಿದ್ದ. ಎಬ್ಬಿಸಿ ನಿಲ್ಲಿಸಿದರೆ, "ಅವನೇ ತೋರಿಸಿದ ಮಿಸ್, ಅವನಿಗೇನೂ ಬೇಜಾರಿಲ್ಲ" ಎಂದ. "ನೀನು ಮೋಸ ಮಾಡಿದ್ದು ಅವನಿಗಲ್ಲ, ಓದುವ ನನಗೆ" ಎಂದು ಗದರಿಸಿ ಸೊನ್ನೆ ಹಾಕಿದೆ. ಕೆಂಪು ಪೆನ್ನು ಕೈಯಲ್ಲಿರುವಾಗಲೇ ಮೆಂತ್ಯದ ಸೊಪ್ಪು ನೆನಪಾಯಿತು.

ಹಾಗೆ ನೋಡಿದರೆ ಅಡುಗೆಯಲ್ಲಿ ಯಾರ ಹೆಸರು ಉಳಿದಿದೆ? ಮೂರನೆಯ ಮಂಗರಸ 16ನೆಯ ಶತಮಾನದ ಆರಂಭದಲ್ಲಿ ಸೂಪಶಾಸ್ತ್ರವೆಂದು ಅಡುಗೆಯ ಮೇಲೆಯೇ ಒಂದು ಕಾವ್ಯ ಬರೆದ. ಅವನ ಹೆಸರು ಐನೂರು ವರ್ಷ ಬಾಳಿತು. ಅವನಿಗೆ ಆ ರುಚಿಗಳನ್ನು ಮಾಡಿ ಬಡಿಸಿದ ಕೈಗಳು ಯಾರವು? ನಾನು ಅತ್ತೆಯಿಂದ ಕಲಿತ ಹುಳಿಗೆ ಪ್ರತಿಸಲವೂ ಅತ್ತೆಯ ಹೆಸರು ಹೇಳುತ್ತೇನೆಯೆ? ಹೇಳುತ್ತೇನೆ, ನೋಡಿ. "ಇದು ನಮ್ಮ ಅತ್ತೆಯವರ ಕೈ" ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ. ಅತ್ತೆಯ ಹೆಸರು ಹೇಳಿದರೆ ನನ್ನ ಮರ್ಯಾದೆ ಏರುತ್ತದೆ. ಪಾತ್ರೆ ತೊಳೆಯುವವಳ ಹೆಸರು ಹೇಳಿದರೆ ಇಳಿಯುತ್ತದೆಂದು ನನ್ನೊಳಗೆ ಯಾರೋ ಲೆಕ್ಕ ಹಾಕಿಬಿಟ್ಟಿದ್ದರು. ನಾಲಿಗೆ ಹೊರಳುವಷ್ಟರಲ್ಲಿ ಮುಗಿದುಹೋದ ಆ ಲೆಕ್ಕ ನನ್ನನ್ನು ಮಲಗಲು ಬಿಡಲಿಲ್ಲ. ನಮ್ಮ ಯಜಮಾನರಿಗೆ ಹೇಳಿದರೆ, "ಒಂದು ನಿಂಬೆಹಣ್ಣಿಗೆ ಇಷ್ಟು ಪುರಾಣವೇ?" ಎಂದು ಮಗ್ಗುಲು ತಿರುಗಿದರು.

ಮರುದಿನ ಅವಳಿಗೇ ಹೇಳಿದೆ. ಎಲ್ಲರೂ ಹೊಗಳಿದರೆಂದೂ, ನಿನ್ನ ಹೆಸರು ಹೇಳಬೇಕಿತ್ತು, ಹೇಳಲಿಲ್ಲವೆಂದೂ. ಅವಳು ನಕ್ಕುಬಿಟ್ಟಳು. "ಅದಕ್ಕ ಹೆಸರ ಯಾಕ್ರಿ ಅಕ್ಕಾರ? ನಮ್ಮೂರಾಗ ಎಲ್ಲಾರೂ ಹಿಂಗ ಕಲಸ್ತಾರ. ನಮ್ಮವ್ವಗ ಅವರವ್ವ ಹೇಳಿದ್ಲು."

ನೊಂದುಕೊಳ್ಳಬೇಕಾದವಳೇ ನೊಂದುಕೊಳ್ಳದ ಮೇಲೆ ತಪ್ಪು ಎಲ್ಲಿದೆ ಎಂದು ಒಂದು ಕ್ಷಣ ಹಗುರವಾದೆ. ಆ ಹುಡುಗ ಹೇಳಿದ್ದೂ ಇದೇ ಮಾತಲ್ಲವೆ? ಅವಳು ಬೇಸರಪಡದೇ ಇದ್ದುದು ಅವಳ ದೊಡ್ಡತನವೋ, ಹೆಸರು ತನಗೆ ಬರುವಂಥದಲ್ಲವೆಂದು ಹುಟ್ಟಿನಿಂದ ರೂಢಿಯಾದದ್ದೋ? ಎರಡನೆಯದಾಗಿದ್ದರೆ, ಆ ರೂಢಿಯ ಲಾಭ ಪಡೆಯುತ್ತಿರುವವಳು ನಾನು.

ಬಾಗಿಲ ತನಕ ಹೋದವಳು ನಿಂತು, ಸಂಕೋಚದಿಂದಲೇ ಹೇಳಿದಳು: "ಎಣ್ಣಿ ಅಷ್ಟ ಮುಗದೈತ್ರಿ. ಅವ್ವ ದೀಪಾವಳಿಗಿ ಬಂದ್ರ ತರ್ತಾಳ."

ಆ ಕುಸುಬೆ ಎಣ್ಣೆ! ಅವಳ ತಾಯಿ ಗಾಣದಲ್ಲಿ ಆಡಿಸಿ, ರಾತ್ರಿಯ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದದ್ದು. ರುಚಿ ನೋಡಲೆಂದು ಅವಳು ನನಗೆ ತಂದುಕೊಟ್ಟ ಬಾಟಲಿಯನ್ನು ನಾನು ಹದಿನಾಲ್ಕು ಜನರಿಗೆ ಬಡಿಸಿ ಖಾಲಿ ಮಾಡಿದ್ದೆ. ಮನೆಗೆ ಸ್ವಲ್ಪ ಉಳಿಸಿಕೊಂಡಿದ್ದೀಯಾ ಎಂದು ಕೇಳಿರಲೂ ಇಲ್ಲ. ಹೆಸರಿನ ವಿಚಾರದಲ್ಲಿ ಇಷ್ಟು ಹೊರಳಾಡಿದ ನನಗೆ ಎಣ್ಣೆಯ ವಿಚಾರ ಹೊಳೆದೇ ಇರಲಿಲ್ಲ. ದುಡ್ಡು ಕೊಡಹೋದೆ. ತೆಗೆದುಕೊಳ್ಳಲಿಲ್ಲ. ಸಂತೆಯಿಂದ ಒಂದು ಲೀಟರು ಶೇಂಗಾ ಎಣ್ಣೆ ತಂದುಕೊಟ್ಟೆ. ತೆಗೆದುಕೊಂಡಳು. ಆದರೆ ಅದು ಇದಕ್ಕೆ ಸಮವೆಂದು ನಾನೂ ತಿಳಿದಿಲ್ಲ, ಅವಳೂ ತಿಳಿದಿಲ್ಲ.

ಮೊನ್ನೆ ನಿವೃತ್ತರಾದ ಶಿಕ್ಷಕಿಯೊಬ್ಬರು ಫೋನು ಮಾಡಿ ಅಳತೆ ಕೇಳಿದರು. ಸೊಸೆಯ ಸೀಮಂತಕ್ಕೆ ಮಾಡಿಸುತ್ತಾರಂತೆ. ಗಂಟಲು ಸರಿಮಾಡಿಕೊಂಡು, "ಅವತ್ತು ಹೇಳಲಿಲ್ಲ ನೋಡಿ, ಅದು ನನ್ನದಲ್ಲ. ನಮ್ಮ ಮನೆ ಕೆಲಸಕ್ಕೆ ಬರುತ್ತಾಳಲ್ಲ, ಅವಳು ಕಲಿಸಿದ್ದು. ಎಣ್ಣೆಯೂ ಅವಳದೇ" ಎಂದೆ.

"ಹೌದಾ?" ಎಂದರು. "ಸರಿ, ರಸ ಎರಡು ಚಮಚ ಅಂದಿರಿ. ಎಣ್ಣೆ ಎಷ್ಟು?"