ಹಿಂದಿನ ಕೋಣೆಗೂ ಒಂದು ತಂತಿ

ಫೈಬರ್ ಎಳೆಯಲು ಬಂದ ಹುಡುಗರು ಬಾಗಿಲಲ್ಲಿ ನಿಂತು ಕೇಳುವುದು ಒಂದೇ ಮಾತು: "ಬಾಕ್ಸ್ ಎಲ್ಲಿ ಕೂರಿಸೋಣ?" ಮನೆಯ ಹಿರಿಯರು ಹೆಚ್ಚು ಯೋಚಿಸುವುದಿಲ್ಲ. "ಇಲ್ಲೇ, ಟಿವಿ ಪಕ್ಕ" ಎಂದುಬಿಡುತ್ತಾರೆ. ಗೋಡೆಗೆ ಎರಡು ಮೊಳೆ ಬೀಳುತ್ತವೆ, ಹಸಿರು ದೀಪ ಹತ್ತುತ್ತದೆ, ಎಲ್ಲರ ಮೊಬೈಲಿಗೂ ಪಾಸ್‌ವರ್ಡ್ ಸೇರುತ್ತದೆ. ಆ ಮನೆಯಲ್ಲಿ ಮುಂದಿನ ಎಷ್ಟೋ ವರ್ಷ ಯಾರಿಗೆ ನೆಟ್ ಸಲೀಸಾಗಿ ಸಿಗುತ್ತದೆ, ಯಾರು ಪರದಾಡುತ್ತಾರೆ ಎಂಬುದು ಆ ಗಳಿಗೆಯಲ್ಲೇ ತೀರ್ಮಾನವಾಗಿರುತ್ತದೆ.

ಕೆಲಸದ ಕಂಪ್ಯೂಟರ್ ಟಿವಿ ಪಕ್ಕ ಇರುವುದು ಅಪರೂಪ. ಅದು ಇರುವುದು ಓದುವ ಮಗಳ ಹಿಂದಿನ ಕೋಣೆಯಲ್ಲಿ, ಮನೆಯಿಂದಲೇ ಕಂಪನಿ ಕೆಲಸ ಮಾಡುವ ಸೊಸೆಯ ಮಹಡಿಯಲ್ಲಿ. ಸದ್ದುಗದ್ದಲ ಬೇಡವೆಂದೇ ಅವರು ಆ ಮೂಲೆ ಹಿಡಿದಿರುತ್ತಾರೆ. ಸಿಗ್ನಲ್ ಸೋಲುವುದೂ ಅಲ್ಲೇ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರ ರಸ್ತೆಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ನಾಡೆಲ್ಲ ನೋಡಿತ್ತು. ಆಮೇಲೆ ಫೈಬರ್ ಎಷ್ಟೋ ಊರುಗಳಿಗೆ ಬಂತು. ಊರಿಗೆ ಬಂದದ್ದು ಮನೆಯ ಒಳಕೋಣೆಗೆ ಬಂತೇ ಎಂದು ಕೇಳುವವರು ಮಾತ್ರ ಕಡಿಮೆ.

ಸಾಗರದ ಕಡೆಯ ನೆಂಟರ ಮನೆಯೊಂದರಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಜಗಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ ಎಂದು ಉದ್ದಕ್ಕೆ ಚಾಚಿಕೊಂಡ ಹಳೆಯ ಮನೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಗಳು. ರೂಟರ್ ಜಗಲಿಯಲ್ಲಿ, ಕಂಪ್ಯೂಟರ್ ಹಿತ್ತಿಲ ಕಡೆಯ ಕೋಣೆಯಲ್ಲಿ. ಬಿಕಾಂ ಓದುವ ಹುಡುಗಿ ಅರ್ಜಿಯೊಂದನ್ನು ತುಂಬಿ, ಕೊನೆಯ ಬಟನ್ ಒತ್ತಿ, ತಿರುಗುವ ಚಕ್ರವನ್ನೇ ನೋಡುತ್ತ ಕೂತಿದ್ದಳು. ಪುಟ ಸತ್ತುಹೋಯಿತು. ಅವಳು ಮತ್ತೆ ಮೊದಲಿನಿಂದ ತುಂಬಲು ಶುರುಮಾಡಿದಳು. ಜಗಲಿಯಲ್ಲಿ ಅದೇ ಹೊತ್ತಿಗೆ ಕ್ರಿಕೆಟ್ ನಿರಾತಂಕವಾಗಿ ನಡೆದಿತ್ತು.

ಇಂಥ ಹೊತ್ತಿನಲ್ಲಿ ನಾವು ಮಾಡುವ ಮೊದಲ ಕೆಲಸ ಕಂಪನಿಗೆ ಫೋನು ಹಚ್ಚುವುದು, ಎರಡನೆಯದು ಇನ್ನೂ ದುಬಾರಿ ಪ್ಲಾನ್ ಹಾಕಿಸುವುದು. ಐವತ್ತು ಎಂಬಿಪಿಎಸ್ ಇದ್ದದ್ದು ನೂರಾಗುತ್ತದೆ, ಹಿಂದಿನ ಕೋಣೆಯ ಸ್ಥಿತಿ ಹಾಗೇ ಇರುತ್ತದೆ. ಒಂದು ವಿಡಿಯೊ ಕರೆಗೆ ಮೂರ್ನಾಲ್ಕು ಎಂಬಿಪಿಎಸ್ ಸಾಕು. ಹೊಸಿಲವರೆಗೆ ಅದರ ಎಷ್ಟೋ ಪಟ್ಟು ಬಂದು ನಿಂತಿದೆ. ಅದು ಕಳೆದುಹೋಗುತ್ತಿರುವುದು ಹೊಸಿಲಿನಿಂದ ಒಳಗೆ. ವೈಫೈ ಅಂದರೆ ರೇಡಿಯೊ ಅಲೆ. ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು 2.4 ಮತ್ತು 5 ಗಿಗಾಹರ್ಟ್ಸ್‌ನ ಅಲೆಗಳು. ಐದರದ್ದು ವೇಗ ಹೆಚ್ಚು, ಆದರೆ ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತದೆ. 2.4ರದ್ದು ಇನ್ನಷ್ಟು ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ರೂಟರು, ಬ್ಲೂಟೂತು, ಮೈಕ್ರೊವೇವ್ ಒಲೆ ಎಲ್ಲವೂ ಅದೇ ಪಟ್ಟಿಯಲ್ಲಿ ನೂಕುನುಗ್ಗಲು ಮಾಡುತ್ತವೆ. ಮಲೆನಾಡಿನಲ್ಲಿ ಮಣ್ಣು, ಕರಾವಳಿಯಲ್ಲಿ ಜಂಬಿಟ್ಟಿಗೆ, ಬೆಂಗಳೂರಿನಲ್ಲಿ ಕಬ್ಬಿಣದ ಸರಳು ತುಂಬಿದ ಕಾಂಕ್ರೀಟು. ದಪ್ಪ ಕನ್ನಡಿ, ನೀರಿನ ತೊಟ್ಟಿ, ಕಬ್ಬಿಣದ ಬೀರು ಇವೂ ಅಲೆಗೆ ಅಡ್ಡಿಯೇ.

ಬಹಳ ಜನರ ಗಮನಕ್ಕೆ ಬಾರದ ಇನ್ನೊಂದು ಸಂಗತಿ ಇದೆ. ವೈಫೈಯಲ್ಲಿ ಎಲ್ಲ ಯಂತ್ರಗಳೂ ಒಂದೇ ಗಾಳಿಯನ್ನು ಸರದಿಯಲ್ಲಿ ಬಳಸಬೇಕು. ದೂರದ ಕಂಪ್ಯೂಟರ್ ಸೋತ ಸಿಗ್ನಲಿನಲ್ಲಿ ನಿಧಾನವಾಗಿ ಮಾತಾಡುವುದರಿಂದ ಅಷ್ಟೇ ದತ್ತಾಂಶಕ್ಕೆ ಹೆಚ್ಚು ಹೊತ್ತು ಸರದಿ ಹಿಡಿದಿಟ್ಟುಕೊಳ್ಳುತ್ತದೆ, ಹತ್ತಿರದವರೂ ಕಾಯಬೇಕಾಗುತ್ತದೆ. ಹಿಂದಿನ ಕೋಣೆಯ ಕಷ್ಟ ಜಗಲಿಗೂ ತಟ್ಟುತ್ತದೆ.

ದುಡ್ಡು ಖರ್ಚು ಮಾಡುವ ಮೊದಲು ಒಂದೆರಡು ಕೆಲಸಗಳಿವೆ. ರೂಟರನ್ನು ಟಿವಿಯ ಬೆನ್ನಿನಿಂದ ತೆಗೆದು ಎತ್ತರದಲ್ಲಿ, ಸಾಧ್ಯವಾದಷ್ಟು ಮನೆಯ ನಡುವೆ ಇಡಿಸಿ. ಫೈಬರ್ ಹೊಸದಾಗಿ ಎಳೆಯುವಾಗಲೇ ಕೇಳಿದರೆ ಹುಡುಗರು ನಡುಮನೆಯವರೆಗೂ ಎಳೆದುಕೊಡುತ್ತಾರೆ. ತಿರುವಿನಲ್ಲಿ ಗಾಜಿನ ಎಳೆ ಬಿಗಿಯಾಗಿ ಮಡಚದಂತೆ ನೋಡಿಕೊಂಡರಾಯಿತು. ಹಳೆಯ ಡೆಸ್ಕ್‌ಟಾಪಾದರೆ ಯುಎಸ್‌ಬಿ ಡಾಂಗಲ್ ಎಲ್ಲಿದೆ ನೋಡಿ. ಸಾಗರದ ಆ ಮನೆಯಲ್ಲಿ ಅದು ಸಿಪಿಯು ಪೆಟ್ಟಿಗೆಯ ಹಿಂಬದಿಯಲ್ಲಿ, ತಗಡಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು. ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರು ಹಾಕಿ ಮೇಜಿನ ಮೇಲೆ, ಬಾಗಿಲಿಗೆ ಎದುರಾಗಿ ಇಟ್ಟಾಗ ಒಂದು ಕಡ್ಡಿ ಇದ್ದ ಸಿಗ್ನಲ್ ಎರಡಾಯಿತು. ಅರ್ಜಿ ಹೋಯಿತು. ವಿಡಿಯೊ ಪಾಠಕ್ಕೆ ಅದು ಸಾಲಲಿಲ್ಲ.

ಅಂಗಡಿಯವರು ಇಂಥದ್ದಕ್ಕೆ ಥಟ್ಟನೆ ತೋರಿಸುವುದು ರಿಪೀಟರ್. ಜನ ಅದನ್ನು ತಂದು ಸಿಗ್ನಲ್ ಇಲ್ಲದ ಕೋಣೆಯಲ್ಲೇ ಚುಚ್ಚುತ್ತಾರೆ. ಅಲ್ಲಿಗೆ ಬರುವುದೇ ಹರಕು ಸಿಗ್ನಲ್ ಆದರೆ ಅದು ಮುಂದಕ್ಕೆ ಕೊಡುವುದೂ ಅದನ್ನೇ. ಅದರ ಜಾಗ ದಾರಿಯ ನಡುವೆ. ಸರಿಯಾದ ಕಡೆ ಇಟ್ಟರೂ, ಕೇಳುವುದು ಹೇಳುವುದು ಎರಡನ್ನೂ ಒಂದೇ ಚಾನೆಲ್ಲಿನಲ್ಲಿ ಮಾಡುವ ಅಗ್ಗದ ಪೆಟ್ಟಿಗೆ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಕರೆಂಟ್ ವೈರಿನ ಮೂಲಕವೇ ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರುಗಳೂ ಇವೆ. ಆದರೆ ನಮ್ಮಲ್ಲಿ ಮುಂದಿನ ಕೋಣೆ ಒಂದು ಫೇಸಿನಲ್ಲಿ, ಹಿಂದಿನದು ಇನ್ನೊಂದರಲ್ಲಿ, ನಡುವೆ ಯುಪಿಎಸ್ ಲೈನು ಬೇರೆ. ಅವನ್ನು ನಂಬಿ ದುಡ್ಡು ಹಾಕಿ ಎಂದು ನಾನು ಹೇಳಲಾರೆ.

ನನ್ನ ಅಭಿಪ್ರಾಯ ಸ್ಪಷ್ಟ. ಜಾಗ ಬದಲಿಸದ ಕಂಪ್ಯೂಟರಿಗೆ ತಂತಿ ಎಳೆಯಿರಿ. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕಂಪ್ಯೂಟರ್ ಜೋಡಿಸುವ ಪ್ರಶ್ನೆಗೆ ಐವತ್ತು ವರ್ಷದ ಹಿಂದೆಯೇ ಉತ್ತರ ಸಿಕ್ಕಿದೆ. ಹವಾಯಿಯ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ದ್ವೀಪಗಳ ನಡುವೆ ರೇಡಿಯೊದಲ್ಲೇ ಕಂಪ್ಯೂಟರ್ ಜಾಲ ನಡೆಸಿದ್ದರು. ಅದರ ಹೆಸರು ಅಲೋಹಾನೆಟ್. ಅದರಿಂದ ಪ್ರೇರಣೆ ಪಡೆದ ಬಾಬ್ ಮೆಟ್ಕಾಫ್, 1973ರಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ, ಒಂದೇ ಕಟ್ಟಡದ ಯಂತ್ರಗಳನ್ನು ಜೋಡಿಸಲು ಆ ವಿಚಾರವನ್ನು ತಂತಿಗೆ ಇಳಿಸಿದರು. ಅದೇ ಈಥರ್ನೆಟ್. ವೈಫೈಯ ಮೊದಲ ಮಾನದಂಡ ಬಂದದ್ದು 1997ರಲ್ಲಿ, ಆಗ ಅದರ ವೇಗ ಎರಡೇ ಎಂಬಿಪಿಎಸ್. ಇಂದಿಗೂ ರೂಟರಿನ ಹಿಂಬದಿಯಲ್ಲಿ ಈಥರ್ನೆಟ್ಟಿನ ಚೌಕದ ತೂತುಗಳಿವೆ. ಹೆಚ್ಚಿನ ಮನೆಗಳಲ್ಲಿ ಅವು ದೂಳು ತಿನ್ನುತ್ತಿವೆ.

ಆ ತಂತಿಯನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ಹೊರಗಿನ ಸಿಪ್ಪೆ ಸುಲಿದರೆ ಒಳಗೆ ಎಂಟು ಎಳೆಗಳು, ಎರಡೆರಡಾಗಿ ಹೆಣೆದುಕೊಂಡಿರುತ್ತವೆ. ಹೊರಗಿನ ವಿದ್ಯುತ್ ಗದ್ದಲ ಒಳಗಿನ ಸಂಕೇತವನ್ನು ಕೆಡಿಸದಿರಲೆಂದೇ ಈ ಹೆಣಿಗೆ. ಎಳೆಗಳನ್ನು ಬಿಡಿಸಿ ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು ಎಂಬ ಸಾಲಿನಲ್ಲಿ ನೇರ ಮಾಡಿ, ತುದಿ ಸಮ ಕತ್ತರಿಸಿ, ಪಾರದರ್ಶಕ ಪಿನ್ನಿನೊಳಗೆ ತೂರಿಸಿ ಕ್ರಿಂಪಿಂಗ್ ಇಕ್ಕಳದಿಂದ ಒತ್ತಬೇಕು. ಎರಡೂ ತುದಿಯಲ್ಲಿ ಅದೇ ಸಾಲು. ನೀಲಿ ಅಥವಾ ಕಂದು ಜೋಡಿಯ ಒಂದು ಎಳೆ ಸರಿಯಾಗಿ ಕೂರದಿದ್ದರೆ ನೆಟ್ ನಿಲ್ಲುವುದಿಲ್ಲ, ಸಾವಿರ ಎಂಬಿಪಿಎಸ್ ಸಾಗಿಸಬೇಕಾದ ತಂತಿ ಸದ್ದಿಲ್ಲದೆ ನೂರಕ್ಕೆ ಇಳಿಯುತ್ತದೆ. ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ ನೋಡಿದರೆ ಇದು ತಿಳಿಯುತ್ತದೆ.

ಕ್ಯಾಟ್ 5ಇ ಅಥವಾ ಕ್ಯಾಟ್ 6 ಸಾಕು. ನೂರು ಮೀಟರಿನವರೆಗೆ ವೇಗ ಕುಂದದು; ನಮ್ಮ ಎಷ್ಟೇ ಉದ್ದದ ಮನೆಯೂ ಅದರೊಳಗೆ ಮುಗಿಯುತ್ತದೆ. ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಎಂದು ಒತ್ತಿ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ತಂತಿ ಅಗ್ಗಕ್ಕೆ ಸಿಗುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ಎಳೆಯ ತುದಿಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅದನ್ನು ಕೊಳ್ಳಬೇಡಿ. ಎಳೆಯಲು ಗೋಡೆ ಒಡೆಯಬೇಕಿಲ್ಲ: ಗವಾಕ್ಷಿ, ಕಿಟಕಿಯ ಸಂದು, ಅಟ್ಟ, ಬಾಗಿಲ ಚೌಕಟ್ಟಿನ ಮೇಲೊಂದು ಪಿವಿಸಿ ಪಟ್ಟಿ ಸಾಕು. ಅಟ್ಟದಲ್ಲಿ ಇಲಿ ಇದ್ದೇ ಇರುತ್ತದೆ, ಅಲ್ಲಿ ಪೈಪಿನೊಳಗೇ ಹೋಗಲಿ. ಕರೆಂಟ್ ವೈರಿನ ಪೈಪಿನಲ್ಲಿ ಇದನ್ನು ಸೇರಿಸಲೇಬಾರದು.

ಮಲೆನಾಡು, ಕರಾವಳಿಯವರಿಗೆ ಒಂದು ಎಚ್ಚರಿಕೆಯ ಮಾತು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಟಿವಿ ಪ್ಲಗ್ಗು ಕೀಳುವ ರೂಢಿ ನಮಗಿದೆ. ಈ ತಂತಿಯನ್ನೂ ಹಾಗೇ ಎರಡೂ ಕಡೆಯಿಂದ ಕೀಳಬೇಕು. ಹೊರಗಿಂದ ಬರುವ ಫೈಬರ್ ಗಾಜು, ಮಿಂಚನ್ನು ಹೊರದು, ಮನೆಯೊಳಗಿನ ತಾಮ್ರ ಹೊರುತ್ತದೆ. ಅಂಗಳದಾಚೆಯ ಕೊಟ್ಟಿಗೆ ಮಾಳಿಗೆಗೋ ತೋಟದ ಮನೆಗೋ ನೆಟ್ ಬೇಕಾದರೆ ಅಲ್ಲಿಗೆ ತಾಮ್ರ ಎಳೆಯಬೇಡಿ. ಫೈಬರನ್ನೇ ಎಳೆಸಿ, ಎರಡು ಕಡೆ ಮೀಡಿಯಾ ಕನ್ವರ್ಟರ್ ಎಂಬ ಚಿಕ್ಕ ಪೆಟ್ಟಿಗೆ ಇಡಿಸಿ.

ತಂತಿ ಹಿಂದಿನ ಕೋಣೆ ಮುಟ್ಟಿದ ಮೇಲೆ ಇನ್ನೊಂದು ಲಾಭ. ಕಪಾಟಿನಲ್ಲಿ ಬಿದ್ದಿರುವ ಹಳೆಯ ರೂಟರನ್ನು ಆ ತುದಿಗೆ ಕೂರಿಸಬಹುದು. ಅದಕ್ಕೆ ಬೇರೆ ವಿಳಾಸ ಕೊಟ್ಟು, ಡಿಎಚ್‌ಸಿಪಿ ಆಫ್ ಮಾಡಿ, ತಂತಿಯನ್ನು ಲ್ಯಾನ್ ತೂತಿಗೆ ಚುಚ್ಚಿದರೆ ಅದು ಅಲ್ಲಿನ ವೈಫೈ ಗೂಡಾಗುತ್ತದೆ. ಕಂಪ್ಯೂಟರಿಗೆ ತಂತಿ, ಅಡುಗೆಮನೆಯಲ್ಲಿ ಅಮ್ಮನ ಮೊಬೈಲಿಗೆ ಗಾಳಿಯ ನೆಟ್. ಸಾಗರದ ಮನೆಯಲ್ಲಿ ಕೊನೆಗೆ ಮಾಡಿದ್ದು ಇದನ್ನೇ. ಹುಡುಗಿ ಈಗ ತನ್ನ ಕೋಣೆಯಲ್ಲೇ ಕೂತು ಪರೀಕ್ಷೆಯ ತರಬೇತಿ ಪಡೆಯುತ್ತಿದ್ದಾಳೆ. ಅವಳ ಅಜ್ಜಿ ಹಿತ್ತಿಲ ಮೆಟ್ಟಿಲ ಮೇಲಿಂದಲೇ ಅಮೆರಿಕದ ಮೊಮ್ಮಗನೊಡನೆ ಮಾತಾಡುತ್ತಾರೆ.

ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ಕೋರಿಕೆ. ಹತ್ತು ದೀಪಕ್ಕೆ, ಎರಡು ಎಸಿಗೆ, ಗೀಸರಿಗೆ ಪಾಯಿಂಟ್ ಗುರುತು ಹಾಕಿಸುವಾಗ, ಗಾರೆ ಬೀಳುವ ಮೊದಲು, ಪ್ರತಿ ಕೋಣೆಗೂ ಒಂದೊಂದು ಖಾಲಿ ಪೈಪು ಪ್ರತ್ಯೇಕವಾಗಿ ಹಾಕಿಸಿ, ಒಳಗೊಂದು ಎಳೆಯುವ ಸರಿಗೆ ಬಿಟ್ಟಿಡಿ. ಎಲ್ಲ ಪೈಪುಗಳೂ ರೂಟರ್ ಕೂರುವ ಒಂದೇ ಜಾಗಕ್ಕೆ ಬಂದು ಸೇರಲಿ, ಅಲ್ಲೊಂದು ಯುಪಿಎಸ್ ಪಾಯಿಂಟ್ ಇರಲಿ. ಎಲೆಕ್ಟ್ರಿಷಿಯನ್‌ಗೆ ಈ ಮಾತನ್ನು ನೀವೇ ಹೇಳಬೇಕು, ಅವನಾಗಿ ಕೇಳುವುದಿಲ್ಲ.