ಪರಾಗವಿಲ್ಲದ ಹೂವು, ಬೀಜದ ಋಣ

ಸಾಸಿವೆಯ ಹೂವಿನಲ್ಲಿ ಗಂಡೂ ಹೆಣ್ಣೂ ಒಟ್ಟಿಗೇ ಇವೆ. ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುವುದು ಅದರ ಸ್ವಭಾವ. ಎರಡು ತಳಿಗಳನ್ನು ಕೂಡಿಸಿ ಹೈಬ್ರಿಡ್ ಬೀಜ ಮಾಡಬೇಕಾದರೆ ಮೊದಲು ಈ ಸ್ವಭಾವವನ್ನು ತಡೆಯಬೇಕು. ಅದಕ್ಕಾಗಿ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಬಾರ್ನೇಸ್ ಎಂಬ ಜೀನನ್ನು ತೆಗೆದು, ಪರಾಗಕೋಶದ ಒಳಪದರದಲ್ಲಿ ಮಾತ್ರ ಅದು ಕೆಲಸ ಮಾಡುವಂತೆ ಗಿಡಕ್ಕೆ ಸೇರಿಸುತ್ತಾರೆ. ಪರಾಗಕ್ಕೆ ಉಣಿಸುವ ಆ ಪದರ ಸತ್ತರೆ ಪರಾಗ ಹುಟ್ಟುವುದಿಲ್ಲ. ಹೆಣ್ಣು ಭಾಗಕ್ಕೆ ಏನೂ ಆಗುವುದಿಲ್ಲ. ಇನ್ನೊಂದು ತಳಿಗೆ ಸೇರಿಸಿದ ಬಾರ್‌ಸ್ಟಾರ್ ಎಂಬ ಜೀನ್ ಮೊದಲಿನದನ್ನು ಕಟ್ಟಿಹಾಕುವುದರಿಂದ, ಎರಡೂ ಕೂಡಿ ಹುಟ್ಟಿದ ಬೀಜವನ್ನು ರೈತ ಬಿತ್ತಿದಾಗ ಬೆಳೆಯಲ್ಲಿ ಮತ್ತೆ ಪರಾಗ ಬರುತ್ತದೆ. 1990ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳು ತೋರಿಸಿಕೊಟ್ಟ ಈ ದಾರಿಯಲ್ಲೇ ದೆಹಲಿ ವಿಶ್ವವಿದ್ಯಾಲಯದ ದೀಪಕ್ ಪೆಂಟಲ್ ಮತ್ತು ಸಂಗಡಿಗರು ಡಿಎಂಎಚ್-11 ಸಾಸಿವೆಯನ್ನು ರೂಪಿಸಿದರು. 2022ರ ಅಕ್ಟೋಬರಿನಲ್ಲಿ ಅದಕ್ಕೆ ಷರತ್ತಿನ ಒಪ್ಪಿಗೆ ಸಿಕ್ಕಿತು. 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು: ಬಿ.ವಿ. ನಾಗರತ್ನ ಅವರು ಒಪ್ಪಿಗೆಯನ್ನು ರದ್ದುಮಾಡಿದರು, ಸಂಜಯ್ ಕರೋಲ್ ಅವರು ಎತ್ತಿಹಿಡಿದರು. ಕಾನೂನಿನ ಈ ವಾದದ ಕೆಳಗೆ ಇನ್ನೊಂದು ಪ್ರಶ್ನೆ ಇದೆ. ಒಂದು ಜೀವದ ಗಂಡುತನವನ್ನು ನಮ್ಮ ಅನುಕೂಲಕ್ಕೆ ಕಿತ್ತುಕೊಳ್ಳುವುದು ಅಧರ್ಮವಲ್ಲವೇ?

ಈ ಪ್ರಶ್ನೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು ನಮ್ಮ ಒಕ್ಕಲುತನವನ್ನು ಅರಿತವರಲ್ಲ. ಸೀಗೆ ಹುಣ್ಣಿಮೆಯಲ್ಲಿ ತೆನೆ ತುಂಬುವ ಹೊಲವನ್ನು ಬಸುರಿಯೆಂದು ಭಾವಿಸಿ ಬಯಕೆಯ ಊಟ ಉಣಿಸಿ ಚರಗ ಚೆಲ್ಲುವ ಜನ, ಬಿತ್ತುವ ಮುನ್ನ ಕೂರಿಗೆಗೆ ಪೂಜೆ ಮಾಡುವ ಜನ, ಫಲವನ್ನು ಬರಿಯ ಉತ್ಪನ್ನವೆಂದು ಎಂದೂ ಎಣಿಸಿದವರಲ್ಲ. ಬಂಜೆತನವನ್ನು ಬೇಕೆಂದೇ ಮಾಡುವ ಕೆಲಸ ಅವರಿಗೆ ಕಸಿವಿಸಿ ಉಂಟುಮಾಡಿದರೆ ಅದು ಸಹಜ. ಆದರೆ ಕಸಿವಿಸಿಯೇ ತೀರ್ಪಾಗಲಾರದು. ಅದು ಯಾವುದನ್ನು ಕಂಡು ಹುಟ್ಟಿತು ಎಂದು ವಿಚಾರಿಸಬೇಕು.

ಮೊದಲು ಪ್ರಕೃತಿಯ ಸಾಕ್ಷಿ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆಯುವ ಹುಚ್ಚೆಳ್ಳು ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ನೆರೆಯ ಗಿಡದಿಂದ ಜೇನು ತಂದದ್ದೇ ಬೇಕು. ಪರಂಗಿಯ ಹಲವು ತಳಿಗಳಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. 1925ರಲ್ಲಿ ಅಮೆರಿಕದ ಈರುಳ್ಳಿ ಮಡಿಯೊಂದರಲ್ಲಿ ಪರಾಗವೇ ಇಲ್ಲದ ಗಿಡ ತಾನಾಗಿ ಕಾಣಿಸಿಕೊಂಡಿತು; ಅದರಿಂದಲೇ ಹೈಬ್ರಿಡ್ ಈರುಳ್ಳಿ ಹುಟ್ಟಿತು. ಗಂಡುತನವಿಲ್ಲದ ಹೂವು ಸೃಷ್ಟಿಗೆ ಹೊಸದಲ್ಲ. ಧರ್ಮಶಾಸ್ತ್ರದ ಸಾಕ್ಷಿಯೂ ನಾವು ಎಣಿಸಿದಂತಿಲ್ಲ. ಗಿಡಮರಗಳಿಗೆ ಜೀವವಿದೆ, ನೋವಿದೆ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಜೈನರು. ಸಸ್ಯ ಅವರಿಗೆ ಏಕೇಂದ್ರಿಯ ಜೀವ. ಆದರೆ ತತ್ತ್ವಾರ್ಥಸೂತ್ರದ ಪ್ರಕಾರ ಏಕೇಂದ್ರಿಯ ಜೀವಗಳೆಲ್ಲ ನಪುಂಸಕ ವೇದದವೇ, ಎಂದರೆ ಗಂಡೂ ಅಲ್ಲದ ಹೆಣ್ಣೂ ಅಲ್ಲದ ಲಿಂಗಭಾವದವೇ. ಅಂದರೆ ಗಿಡವನ್ನು ಹಿಂಸಿಸಬಾರದೆಂಬ ಕಟ್ಟಳೆಯನ್ನು ಅಷ್ಟು ಬಿಗಿಯಾಗಿ ಕಟ್ಟಿದವರೂ ಗಿಡದ ಘನತೆಯನ್ನು ಅದರ ಗಂಡುತನದಲ್ಲಿ ಕಾಣಲಿಲ್ಲ. ಪರಾಗವೇ ಪವಿತ್ರ ಎನ್ನುವುದಕ್ಕೂ ಆಧಾರ ಸಾಲದು. 2000ದಲ್ಲಿ ಆಂಧ್ರದ ಅನಂತಪುರ ಜಿಲ್ಲೆಯ ಶೇಂಗಾವನ್ನು ಲಕ್ಷಾಂತರ ಎಕರೆಗಳಲ್ಲಿ ಒಣಗಿಸಿದ ವೈರಸ್ ಬಂದದ್ದು ಪಾರ್ಥೇನಿಯಂ ಕಳೆಯ ಪರಾಗದ ಜೊತೆಗೆ; ಥ್ರಿಪ್ಸ್ ಎಂಬ ಸಣ್ಣ ಕೀಟ ಅದನ್ನು ಶೇಂಗಾ ಎಲೆಗೆ ದಾಟಿಸಿತ್ತು.

ಇಷ್ಟಾಗಿ, ಈ ಕೆಲಸ ನಮ್ಮ ಸೀಮೆಗೆ ಬಂದು ಬಹಳ ಕಾಲವಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1980ರಲ್ಲಿ ಬಿಡುಗಡೆ ಮಾಡಿದ ಬಿಎಸ್‌ಎಚ್-1 ದೇಶದ ಮೊದಲ ಹೈಬ್ರಿಡ್ ಸೂರ್ಯಕಾಂತಿ. ಅದರ ತಾಯಿ ತಳಿ ಪರಾಗವಿಲ್ಲದ್ದು. ಆ ಗುಣ ಬಂದದ್ದು ಫ್ರಾನ್ಸಿನ ಲೆಕ್ಲೆರ್ಕ್ 1969ರಲ್ಲಿ ಕಾಡು ಸೂರ್ಯಕಾಂತಿಯನ್ನು ನಾಡಿನದರ ಜೊತೆ ಕೂಡಿಸಿದಾಗ. ಜೀನು ಕಸಿ ಅಲ್ಲಿ ನಡೆಯಲಿಲ್ಲ. ಬಳ್ಳಾರಿ, ರಾಯದುರ್ಗಗಳ ಎರೆಹೊಲಗಳಲ್ಲಿ ಹೈಬ್ರಿಡ್ ಸೂರ್ಯಕಾಂತಿ ಬಿತ್ತಿದವರೆಲ್ಲ ಈ ಗಂಡು ಬಂಜೆ ತಾಯಿಯ ಮಕ್ಕಳನ್ನೇ ಬಿತ್ತಿದ್ದಾರೆ. ಇದಕ್ಕಾಗಿ ಯಾವ ಹಬ್ಬವೂ ನಿಲ್ಲಲಿಲ್ಲ, ಯಾವ ದೇವರೂ ಮುನಿಯಲಿಲ್ಲ.

ಹಾಗಾದರೆ ಕಸಿವಿಸಿಗೆ ಕಾರಣವೇ ಇಲ್ಲವೇ? ಇದೆ, ಆದರೆ ಅದು ಹೂವಿನೊಳಗಿಲ್ಲ. ಅದನ್ನು ಕಾಣಲು ಶೇಂಗಾ ಬೆಳೆಯುವ ಹೊಲಕ್ಕೆ ಬರಬೇಕು. ಅನಂತಪುರ ಜಿಲ್ಲೆಯ ರಾಯದುರ್ಗ ಸೀಮೆಯ ಓಬಳಾಪುರದ ಹೆಸರು ಹೊರಗಿನವರಿಗೆ ಕಬ್ಬಿಣದ ಅದಿರಿನಿಂದ ಗೊತ್ತು. ಸುತ್ತಲಿನ ಕನ್ನಡ ಸೀಮೆ ಬದುಕಿರುವುದು ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ, ಕಾಣದೆಯೂ ಹೋಗುವ ಒಣಭೂಮಿಯಿಂದ. ರಾಯದುರ್ಗದಿಂದ ಮಡಕಶಿರಾವರೆಗೆ ಈ ನೆಲವನ್ನು ದಶಕಗಳಿಂದ ಆಳಿದ್ದು ಶೇಂಗಾ. ಶೇಂಗಾಕ್ಕೆ ಪೇಟೆಯ ಹೈಬ್ರಿಡ್ ಇಲ್ಲ. ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವ, ಬಂಜೆತನದ ಸೋಂಕೇ ಇಲ್ಲದ ಬೆಳೆ ಅದು. ಈ ವರ್ಷದ ಕಾಯಿ ಒಡೆದು ಬಿತ್ತಿದರೆ ಮುಂದಿನ ವರ್ಷ ಅದೇ ತಳಿ ಬರುತ್ತದೆ. ಆದರೂ ಪ್ರತಿ ಮುಂಗಾರಿಗೆ ಅನಂತಪುರದ ರೈತ ಸರ್ಕಾರದ ಸಬ್ಸಿಡಿ ಬೀಜಕ್ಕಾಗಿ ಸಾಲಿನಲ್ಲಿ ನಿಲ್ಲುತ್ತಾನೆ. ಕದಿರಿ ಸಂಶೋಧನಾ ಕೇಂದ್ರದ ಕೆ-6 ಚೀಲ ಸಿಗುವುದೋ ಇಲ್ಲವೋ ಎಂಬುದು ಇಡೀ ಜಿಲ್ಲೆಯ ರಾಜಕೀಯವಾಗುತ್ತದೆ. ಮನೆಯ ಬೀಜ ಎಲ್ಲಿ ಹೋಯಿತು? ಬರ ಬಂದ ವರ್ಷ ಹೊಲದಲ್ಲೇ ಹೋಯಿತು, ಬೆಳೆದ ವರ್ಷ ಸಾಲಕ್ಕೆ ಹೋಯಿತು. ನನ್ನ ವಾದವೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಫಲವಂತಿಕೆ ತುಂಬಿದ ಬೀಜವೂ ರೈತನನ್ನು ಪರಾವಲಂಬಿಯಾಗಿಸಬಲ್ಲದು. ಗಂಡು ಬಂಜೆ ತಾಯಿಯಿಂದ ಹುಟ್ಟಿದ ಬೀಜವೂ ಅವನಿಗೆ ಅಧೀನವಾಗಿ ಉಳಿಯಬಲ್ಲದು. ನಿರ್ಣಯಿಸುವುದು ಪರಾಗವಲ್ಲ, ಬೀಜದ ಮೂಲ ಯಾರ ಕೈಯಲ್ಲಿದೆ, ಅದಕ್ಕೆ ತೆರುವ ಋಣ ಎಂಥದು ಎಂಬುದು.

ಬೀಜ ಒಬ್ಬನದು, ಹೊಲ ಇನ್ನೊಬ್ಬನದು ಆದಾಗ ಫಲ ಯಾರದು ಎಂಬ ಚರ್ಚೆ ಹಳೆಯದು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಹೊಲದ ಒಡೆಯನ ಪರ ತೀರ್ಪು ಕೊಡುತ್ತದೆ. ಮೊದಲೇ ಒಪ್ಪಂದವಾಗಿದ್ದರೆ ಇಬ್ಬರೂ ಪಾಲುದಾರರು ಎನ್ನುತ್ತದೆ. ಅಲ್ಲಿ ಹೆಣ್ಣನ್ನು ಹೊಲವೆಂದು ಎಣಿಸಿ ಈ ಮಾತು ಆಡಿದ್ದನ್ನು ಒಪ್ಪಲಾಗದು, ಒಪ್ಪಬಾರದು. ನಿಜವಾದ ಹೊಲದ ಮಟ್ಟಿಗೆ ಮಾತ್ರ ಆ ನ್ಯಾಯ ಇಂದಿಗೂ ಬೆಳಕು ಕೊಡುತ್ತದೆ: ಬೀಜ ಕೊಟ್ಟವನಿಗೆ ಪಾಲು ಇರಬಹುದು, ಒಡೆತನವಿಲ್ಲ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ತಳಿ ರೂಪಿಸಿದವನಿಗೆ ಹಕ್ಕು ಕೊಟ್ಟೂ, ಬೀಜವನ್ನು ಉಳಿಸಿ, ಬಿತ್ತಿ, ಹಂಚಿ, ಬ್ರಾಂಡ್ ಹೆಸರು ಹಾಕದೆ ಮಾರುವ ಸ್ವಾತಂತ್ರ್ಯವನ್ನು ಅದು ರೈತನಿಗೆ ಬಿಟ್ಟಿದೆ. ಮರುಬಿತ್ತನೆಗೆ ಮೊಳೆಯದಂತೆ ಮಾಡುವ ಟರ್ಮಿನೇಟರ್ ತಂತ್ರದ ತಳಿಗಳಿಗೆ ನೋಂದಣಿಯನ್ನೇ ನಿರಾಕರಿಸಿದೆ. 1998ರಲ್ಲಿ ಆ ತಂತ್ರಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಾಗ ಕರ್ನಾಟಕದಲ್ಲಿ ಎದ್ದ ಸಿಟ್ಟು ನೆನಪಿರಬೇಕು. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಯೋಗದ ಬೆಳೆಯನ್ನು ಸುಟ್ಟಿತು. ಆ ಗಿಡಗಳಲ್ಲಿ ಟರ್ಮಿನೇಟರ್ ಇರಲಿಲ್ಲ. ಆದರೆ ಬೀಜದ ಬೀಗದ ಕೈ ದೂರದವರ ಕೈಗೆ ಹೋಗುತ್ತಿದೆ ಎಂಬ ಭಯ ಸುಳ್ಳಾಗಿರಲಿಲ್ಲ.

ಗಂಡು ಬಂಜೆತನ ಮತ್ತು ಟರ್ಮಿನೇಟರ್ ಎರಡನ್ನೂ ಒಂದೇ ಎನ್ನುವುದು ಮಾತ್ರ ತಪ್ಪು. ಬಾರ್ನೇಸ್ ಹೈಬ್ರಿಡ್ ಸಾಸಿವೆಯ ಬೀಜವನ್ನು ಉಳಿಸಿ ಬಿತ್ತಿದರೆ ಅದು ಮೊಳೆಯುತ್ತದೆ. ಎರಡೂ ಜೀನುಗಳಿದ್ದ ಗಿಡದ ಬೀಜದಲ್ಲಿ ಅವು ಬೇರೆ ಬೇರೆಯಾಗಿ ಹಂಚಿಹೋದರೆ ಹದಿನಾರು ಗಿಡಗಳಲ್ಲಿ ಸುಮಾರು ಮೂರಕ್ಕೆ ಪರಾಗವಿರುವುದಿಲ್ಲ, ಅವೂ ನೆರೆಯ ಗಿಡಗಳ ಪರಾಗದಿಂದ ಕಾಯಿ ಕಟ್ಟುತ್ತವೆ. ಹೈಬ್ರಿಡ್ಡಿನ ಹುರುಪು ಇಳಿಯುತ್ತದೆ, ಬೆಳೆ ಒಂದೇ ಸಮ ಬರುವುದಿಲ್ಲ. ಅದು ನಷ್ಟವೇ ಹೊರತು ಬೀಜದ ಸಾವಲ್ಲ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ. ಸೂರ್ಯಕಾಂತಿಯನ್ನು ಸೂರ್ಯಕಾಂತಿಗೆ ಕೂಡಿಸುವುದು ಬೇರೆ, ಬ್ಯಾಕ್ಟೀರಿಯಾದ ಜೀನನ್ನು ಸಾಸಿವೆಗೆ ತರುವುದು ಬೇರೆ. ಹೊಲಕ್ಕೆ ಬಿಟ್ಟದ್ದನ್ನು ಹಿಂದಕ್ಕೆ ಕರೆಯಲಾಗದು. ಒಪ್ಪಬೇಕಾದ ಮಾತು. ಡಿಎಂಎಚ್-11ರಲ್ಲಿ ಕಳೆನಾಶಕವನ್ನು ತಡೆದುಕೊಳ್ಳುವ ಜೀನೂ ಇದೆ. ಕಳೆ ಕೀಳುವ ಹೆಂಗಸರ ಕೂಲಿಗೂ ಸಾಲಿನ ನಡುವಿನ ಸೊಪ್ಪಿಗೂ ಅದರಿಂದ ಏನಾದೀತೆಂಬ ಪ್ರಶ್ನೆಯನ್ನು ಬಂಜೆತನದ ಗಲಾಟೆಯಲ್ಲಿ ನಾವು ಮರೆತಿದ್ದೇವೆ. ಆದರೆ ಎಚ್ಚರ ಬೇಕಿರುವುದು ಜೀನು ಕಸಿಗೆ ಮಾತ್ರವಲ್ಲ. 1970ರಲ್ಲಿ ಅಮೆರಿಕದ ಮೆಕ್ಕೆಜೋಳದಲ್ಲಿ ಸುಮಾರು ಶೇ 15ರಷ್ಟನ್ನು ಅಂಗಮಾರಿ ನುಂಗಿತು. ಹೆಚ್ಚಿನ ಹೈಬ್ರಿಡ್‌ಗಳು ಟೆಕ್ಸಾಸ್ ಮೂಲದ ಒಂದೇ ಬಂಜೆ ತಾಯಿಯವು, ಆ ತಾಯಿಯ ಜೀವಕೋಶವೇ ರೋಗಕ್ಕೆ ಬಾಗಿಲು ತೆರೆದಿತ್ತು. ನಮ್ಮಲ್ಲೂ 1965ರ ಎಚ್‌ಬಿ-1ರಿಂದ ಮೊದಲಾದ ಹೈಬ್ರಿಡ್ ಸಜ್ಜೆ ಒಂದೇ ಬಂಜೆ ತಾಯಿಯನ್ನು ನಂಬಿ, ಎಪ್ಪತ್ತರ ದಶಕದ ಆರಂಭದಲ್ಲಿ ಕೇದಿಗೆ ರೋಗಕ್ಕೆ ನೆಲಕಚ್ಚಿತು. ಎರಡೂ ಪ್ರಯೋಗಾಲಯದ ಜೀನುಗಳಿಲ್ಲದೆ ನಡೆದ ಅನಾಹುತಗಳು. ಒಂದೇ ತಾಯಿಗೆ ಇಡೀ ನಾಡನ್ನು ಒಪ್ಪಿಸುವುದೇ ಇಲ್ಲಿ ನಡೆದ ನಿಜವಾದ ಅಧರ್ಮ.

ಹಾಗಾದರೆ ಹೈಬ್ರಿಡ್ಡೇ ಬೇಡವೆನ್ನಿ, ಎನ್ನುವವರಿದ್ದಾರೆ. ಅವರು ಹತ್ತಿಯ ಕಥೆ ನೋಡಬೇಕು. ಬಿ.ಎಚ್. ಕಟರಕಿಯವರು ಧಾರವಾಡದಲ್ಲಿ 1972ರಲ್ಲಿ ಕೊಟ್ಟ ವರಲಕ್ಷ್ಮಿ ಹತ್ತಿಯ ಬೀಜ ಮಾಡಲು ಸಂಜೆ ಪ್ರತಿ ಮೊಗ್ಗಿನ ಕೇಸರವನ್ನು ಉಗುರಿನಿಂದ ಬಿಡಿಸಿ, ಬೆಳಿಗ್ಗೆ ಬೇರೆ ಹೂವಿನ ಪರಾಗ ಸವರಬೇಕು. ಕರ್ನಾಟಕ, ಆಂಧ್ರಗಳ ಹತ್ತಿ ಬೀಜದ ಹೊಲಗಳಲ್ಲಿ ಈ ಕ್ರಾಸಿಂಗ್ ಕೆಲಸ ವರ್ಷಗಟ್ಟಲೆ ಎಳೆಯ ಹುಡುಗಿಯರ ಬೆರಳಿಗೆ ಬಿತ್ತು, ಅವರ ಶಾಲೆ ತಪ್ಪಿತು. ಅಲ್ಲಿ ಹೂವಿನ ಗಂಡುತನ ತೆಗೆದದ್ದು ಜೀನಲ್ಲ, ಮಗುವಿನ ಉಗುರು. ಹುಟ್ಟಿನಿಂದಲೇ ಪರಾಗವಿಲ್ಲದ ತಳಿ ಆ ಬೆರಳುಗಳಿಗೆ ಬಿಡುವು ಕೊಡುವುದಾದರೆ ಧರ್ಮದ ತಕ್ಕಡಿ ಅತ್ತಲೇ ವಾಲಬೇಕು. ಗಿಡದ ಮೇಲಿನ ಕರುಣೆ ಮಗುವಿನ ಮೇಲಿನ ಕರುಣೆಗಿಂತ ದೊಡ್ಡದಲ್ಲ.

ಆದ್ದರಿಂದ ಒಂದು ತಳಿಯನ್ನು ತೂಗುವಾಗ ಬೇರೆಯೇ ಪ್ರಶ್ನೆಗಳನ್ನು ಕೇಳೋಣ. ತಾಯಿ ತಳಿ, ತಂದೆ ತಳಿ ಎರಡೂ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿವೆಯೇ? ರೈತ ಸಂಘಗಳು ಕೇಳಿದರೆ ಬೀಜೋತ್ಪಾದನೆಗೆ ಕೊಡುತ್ತಾರೆಯೇ? ಒಂದೇ ತಾಯಿಯ ಬದಲು ನಾಲ್ಕಾರು ಮೂಲಗಳಿವೆಯೇ? ಇವುಗಳಿಗೆ ಹೌದೆಂಬ ಉತ್ತರವಿದ್ದರೆ, ಬಂಜೆತನ ಕಾಡಿನಿಂದ ಬಂದಿದ್ದರೂ ಪ್ರಯೋಗಾಲಯದಿಂದ ಬಂದಿದ್ದರೂ, ಸುರಕ್ಷತೆಯ ಪರೀಕ್ಷೆ ಗೆದ್ದ ಮೇಲೆ ಧರ್ಮದ ಅಡ್ಡಿಯಿಲ್ಲ. ಇಲ್ಲವೆಂದಾದರೆ ಎಷ್ಟೇ ಸಹಜವಾದ ಹೂವಿದ್ದರೂ ಅಡ್ಡಿಯಿದೆ. ರಾಯದುರ್ಗ, ಮಡಕಶಿರಾಗಳ ಪಂಚಾಯ್ತಿಗಳು ಸಾಸಿವೆಯ ಕೊನೆಯ ತೀರ್ಪಿಗೆ ಕಾಯಬೇಕಿಲ್ಲ. ಬಿತ್ತುವಾಗ ಬೀಜ ಕೊಟ್ಟು ಸುಗ್ಗಿಯಲ್ಲಿ ಬೀಜವನ್ನೇ ವಾಪಸು ಪಡೆಯುವ ಶೇಂಗಾ ಕಣಜವೊಂದನ್ನು ಊರೂರಲ್ಲಿ ಈ ಮುಂಗಾರಿಗೇ ತೆರೆಯಲಿ. ಅದಕ್ಕೆ ಬೇಕಾದ ಹಕ್ಕು 2001ರ ಕಾಯ್ದೆಯ 39ನೆಯ ಕಲಮಿನಲ್ಲಿ ಬರೆದೇ ಇದೆ.